ವಿಷಾನಿಲದ ಎದುರು ನಿಂತ ವೈದ್ಯ: ಜಾನ್ ಸ್ಕಾಟ್ ಹಾಲ್ಡೇನ್

1915ರ ಎಪ್ರಿಲ್ 22, ಗುರುವಾರ. ಮೊದಲನೆಯ ಮಹಾಯುದ್ಧ ಆರಂಭವಾಗಿ ಒಂಬತ್ತು ತಿಂಗಳು ತುಂಬುತ್ತ ಬಂದಿತ್ತು. ಬೆಲ್ಜಿಯಂ ದೇಶದ ಈಪ್ರ ಪಟ್ಟಣದ ಉತ್ತರಕ್ಕೆ ಫ್ರೆಂಚ್ ಸೈನ್ಯದ ಕಂದಕಗಳಿದ್ದವು. ಅಲ್ಲಿದ್ದವರಲ್ಲಿ ಬಹಳ ಮಂದಿ ಆಲ್ಜೀರಿಯಾದಿಂದ ಬಂದ ಸೈನಿಕರು. ಸಂಜೆ ಐದರ ಹೊತ್ತಿಗೆ ಎದುರಿನ ಜರ್ಮನ್ ಸಾಲಿನಿಂದ ಹಳದಿ-ಹಸಿರು ಬಣ್ಣದ ಮೋಡವೊಂದು ನೆಲಕ್ಕೆ ಅಂಟಿಕೊಂಡಂತೆ ಗಾಳಿಯೊಡನೆ ಮೆಲ್ಲನೆ ಸರಿದು ಬಂತು. ಜರ್ಮನರು 5,730 ಸಿಲಿಂಡರುಗಳನ್ನು ಕಂದಕಗಳ ಮುಂದೆ ಹೂತಿಟ್ಟು, ಅನುಕೂಲದ ಗಾಳಿಗಾಗಿ ದಿನಗಟ್ಟಲೆ ಕಾದು, ಆ ಸಂಜೆ ಕ್ಲೋರಿನ್ ಅನಿಲವನ್ನು ಬಿಟ್ಟಿದ್ದರು. ಕೆಲವೇ ನಿಮಿಷಗಳಲ್ಲಿ ಸುಮಾರು ಆರು ಕಿಲೋಮೀಟರ್ ಉದ್ದದ ರಕ್ಷಣಾ ಸಾಲು ಬರಿದಾಯಿತು. ಎರಡು ದಿನಗಳ ನಂತರ, 24ರಂದು, ಕೆನಡಾದ ಸೈನಿಕರ ಮೇಲೆ ಇದೇ ಅನಿಲ ಮತ್ತೊಮ್ಮೆ ಹರಿಯಿತು.

ಲಂಡನ್ನಿನಲ್ಲಿ ಯುದ್ಧಮಂತ್ರಿಯಾಗಿದ್ದ ಲಾರ್ಡ್ ಕಿಚ್ಚನರ್ ಅವರಿಗೆ ಸುದ್ದಿ ತಲುಪಿತು. ಅದು ಯಾವ ಅನಿಲ? ಅದಕ್ಕೆ ತಡೆ ಏನು? ಬ್ರಿಟಿಷ್ ಸೈನ್ಯದ ಬಳಿ ಈ ಎರಡೂ ಪ್ರಶ್ನೆಗಳಿಗೆ ಉತ್ತರವಿರಲಿಲ್ಲ. ಒಂದೇ ಒಂದು ಗ್ಯಾಸ್ ಮಾಸ್ಕ್ ಕೂಡ ಸೈನಿಕರ ಕೈಯಲ್ಲಿ ಇರಲಿಲ್ಲ. ಆಗ ಸರಕಾರ ಕರೆಕಳುಹಿಸಿದ್ದು 55ರ ಹೊಸ್ತಿಲಲ್ಲಿದ್ದ, ಸೈನ್ಯದ ಸಂಬಂಧವೇ ಇಲ್ಲದ ಒಬ್ಬ ವೈದ್ಯರನ್ನು. ಅವರೇ ಜಾನ್ ಸ್ಕಾಟ್ ಹಾಲ್ಡೇನ್. ರಸಾಯನಶಾಸ್ತ್ರದ ಪ್ರೊಫೆಸರ್ ಎಚ್. ಬಿ. ಬೇಕರ್ ಅವರೊಡನೆ ಹಾಲ್ಡೇನ್ ಸಮುದ್ರ ದಾಟಿ, ಎಪ್ರಿಲ್ 27ರ ಹೊತ್ತಿಗೆ ಫ್ರಾನ್ಸ್ ತಲುಪಿದರು.

ಇವರನ್ನೇ ಯಾಕೆ ಕರೆದರು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಾಲ್ಡೇನ್ ಹುಟ್ಟಿದ್ದು 1860ರ ಮೇ ತಿಂಗಳಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ. ಅನುಕೂಲಸ್ಥ ಮನೆತನ, ಭಕ್ತಿಯ ಮನೆತನವೂ ಹೌದು. ಅಜ್ಜ ಜೇಮ್ಸ್ ಅಲೆಕ್ಸಾಂಡರ್ ಹಾಲ್ಡೇನ್ ಪ್ರೊಟೆಸ್ಟಂಟ್ ಬೋಧಕರಾಗಿ ಸ್ಕಾಟ್ಲೆಂಡಿನಲ್ಲಿ ಹೆಸರಾದವರು. ಅಣ್ಣ ರಿಚರ್ಡ್ ರಾಜಕೀಯಕ್ಕೆ ಹೋಗಿ ಯುದ್ಧಮಂತ್ರಿಯೂ ಆಮೇಲೆ ಲಾರ್ಡ್ ಚಾನ್ಸಲರ್ ಕೂಡ ಆದರು. ತಮ್ಮ ಜಾನ್ ವೈದ್ಯಶಾಸ್ತ್ರ ಕಲಿತು 1884ರಲ್ಲಿ ಪದವಿ ಪಡೆದರು, ಕೆಲಕಾಲ ಜರ್ಮನಿಯ ಯೇನಾ ನಗರದಲ್ಲೂ ಓದಿದರು. ಆದರೆ ಕ್ಲಿನಿಕ್ ತೆರೆದು ಕುಳಿತುಕೊಳ್ಳಲಿಲ್ಲ. ಮನುಷ್ಯ ಉಸಿರಾಡುವ ಗಾಳಿಯೇ ಅವರ ಜೀವಮಾನದ ವಿಷಯವಾಯಿತು.

ಆರಂಭ ಡಂಡೀ ಪಟ್ಟಣದ ಬಡವರ ಕೇರಿಗಳಲ್ಲಿ. ಸೆಣಬಿನ ಗಿರಣಿಗಳ ಕೂಲಿಗಳು ಒಂದೇ ಕೋಣೆಯ ಮನೆಗಳಲ್ಲಿ ಆರೆಂಟು ಮಂದಿ ಒತ್ತೊತ್ತಾಗಿ ಮಲಗುತ್ತಿದ್ದ ಕಾಲ ಅದು. ಹಾಲ್ಡೇನ್ ಮತ್ತು ಅವರ ಸಂಗಡಿಗರು ಮಧ್ಯರಾತ್ರಿಯ ನಂತರ ಆ ಮನೆಗಳ ಬಾಗಿಲು ತಟ್ಟಿ, ಒಳಗಿನ ಗಾಳಿಯನ್ನು ಬಾಟ್ಲಿಗಳಲ್ಲಿ ತುಂಬಿಸಿಕೊಂಡು ಬರುತ್ತಿದ್ದರು. ನಡುರಾತ್ರಿ ಬಂದ ಈ ವಿಚಿತ್ರ ಅತಿಥಿಗಳ ಬಗ್ಗೆ ಆ ಕೂಲಿಕಾರರು ಏನೆಂದುಕೊಂಡರೋ! ಶಾಲೆಗಳ ಗಾಳಿ, ಚರಂಡಿಗಳ ಗಾಳಿ, ಲಂಡನ್ನಿನ ಸಂಸತ್ ಭವನದ ಕೆಳಗಿನ ಒಳಚರಂಡಿಯ ಗಾಳಿ, ಎಲ್ಲವನ್ನೂ ಅವರು ಅಳೆದರು. 1887ರಲ್ಲಿ ಆಕ್ಸ್‌ಫರ್ಡಿಗೆ ಬಂದು, ಅಲ್ಲಿ ಪ್ರೊಫೆಸರರಾಗಿದ್ದ ಸೋದರಮಾವ ಬರ್ಡನ್-ಸ್ಯಾಂಡರ್ಸನ್ ಅವರ ಪ್ರಯೋಗಶಾಲೆ ಸೇರಿದರು.

ಕಲ್ಲಿದ್ದಲು ಗಣಿಗಳ ಕಡೆ ಅವರ ಗಮನ ಹರಿದದ್ದು ಅಲ್ಲಿಂದ ಮುಂದೆ. 1896ರ ಜನವರಿ 27ರಂದು ವೇಲ್ಸ್ ಪ್ರಾಂತ್ಯದ ಟೈಲರ್ಸ್‌ಟೌನ್ ಗಣಿಯಲ್ಲಿ ಸ್ಫೋಟವಾಗಿ 57 ಮಂದಿ ಸತ್ತರು. ಗಣಿಸ್ಫೋಟದಲ್ಲಿ ಸತ್ತವರೆಲ್ಲ ಬೆಂಕಿಯಿಂದಲೋ ಸ್ಫೋಟದ ಹೊಡೆತದಿಂದಲೋ ಸಾಯುತ್ತಾರೆ ಎಂದೇ ಆಗ ಹೆಚ್ಚಿನವರು ತಿಳಿದಿದ್ದರು. ಹಾಲ್ಡೇನ್ ಗಣಿಯೊಳಗೆ ಇಳಿದರು, ಶವಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಬಹುಪಾಲು ಮೃತರ ಮೈಮೇಲೆ ಪ್ರಾಣ ಹೋಗುವಂಥ ಗಾಯವಿರಲಿಲ್ಲ. ಬದಲಿಗೆ ಕೆನ್ನೆಗಳು ಬದುಕಿದ್ದವರಿಗಿಂತಲೂ ಕೆಂಪಾಗಿದ್ದವು. ಅದು ಕಾರ್ಬನ್ ಮೊನಾಕ್ಸೈಡ್ ಸೇರಿದ ರಕ್ತದ ಗುರುತು. ಅಂದರೆ ಸ್ಫೋಟದ ಹೊಡೆತದಿಂದ ತಪ್ಪಿಸಿಕೊಂಡವರನ್ನು ಆಮೇಲೆ ಗಣಿಯಲ್ಲಿ ಹರಡಿದ ವಾಸನೆಯಿಲ್ಲದ, ಬಣ್ಣವಿಲ್ಲದ ಅನಿಲ ಕೊಂದಿತ್ತು. ಅದೇ ವರ್ಷ ಅವರು ಗೃಹಮಂತ್ರಿಗೆ ಕೊಟ್ಟ ವರದಿ ಗಣಿ ಸುರಕ್ಷೆಯ ಇತಿಹಾಸದಲ್ಲಿ ಒಂದು ಮೈಲಿಗಲ್ಲು.

ಈ ಅನಿಲ ಎಷ್ಟು ಸೇರಿದರೆ ಮನುಷ್ಯನಿಗೆ ಏನಾಗುತ್ತದೆ ಎಂದು ಹೇಳಬಲ್ಲ ಪುಸ್ತಕ ಆಗ ಇರಲಿಲ್ಲ. ಹಾಲ್ಡೇನ್ ತಾವೇ ಅದನ್ನು ಉಸಿರಾಡಿದರು. ತಮ್ಮ ರಕ್ತದ ಅರ್ಧಕ್ಕಿಂತಲೂ ಹೆಚ್ಚು ಭಾಗ ವಿಷದಿಂದ ತುಂಬುವವರೆಗೆ ಕುಳಿತು, ಕಾಲು ನಿಲ್ಲದಿರುವುದು, ಕಣ್ಣು ಮಂಜಾಗುವುದು, ಬುದ್ಧಿ ತಡವರಿಸುವುದು ಎಲ್ಲವನ್ನೂ ಬರೆದಿಟ್ಟರು. ಜೊತೆಗೆ ಒಂದು ಇಲಿಯನ್ನೂ ಇಟ್ಟುಕೊಂಡಿದ್ದರು. ಪುಟ್ಟ ಪ್ರಾಣಿಗಳ ಉಸಿರಾಟದ ವೇಗ ಹೆಚ್ಚು. ಆದ್ದರಿಂದ ವಿಷ ಅವುಗಳನ್ನು ಮನುಷ್ಯನಿಗಿಂತ ಎಷ್ಟೋ ಮೊದಲು ಕೆಡವುತ್ತದೆ. ಗಣಿಗೆ ಇಳಿಯುವ ರಕ್ಷಣಾತಂಡದವರು ಇಲಿಯನ್ನೋ ಪುಟ್ಟ ಹಕ್ಕಿಯನ್ನೋ ಒಯ್ಯಬೇಕೆಂದು ಅವರು ಸಲಹೆ ಕೊಟ್ಟರು. ಕೆನರಿ ಹಕ್ಕಿಗಳು ಬ್ರಿಟನ್ನಿನ ಗಣಿಗಳಿಗೆ ಇಳಿದದ್ದು ಹೀಗೆ. 1986ರವರೆಗೂ ಅವು ಅಲ್ಲಿ ಕೆಲಸದಲ್ಲಿದ್ದವು.

ನಮ್ಮ ಊರುಗಳಲ್ಲಿ ಹಳೆಯ ಬಾವಿಗೆ ಇಳಿಯುವ ಮುನ್ನ ಹಗ್ಗಕ್ಕೆ ದೀಪ ಕಟ್ಟಿ ಕೆಳಗಿಳಿಸಿ ನೋಡುವ ರೂಢಿ ಹಿರಿಯರಿಗೆ ಗೊತ್ತು. ದೀಪ ನಂದಿದರೆ ಇಳಿಯಬಾರದು. ಆಮ್ಲಜನಕ ಕಡಿಮೆಯಾದದ್ದನ್ನು ದೀಪ ತೋರಿಸುತ್ತದೆ, ಅದು ನಿಜ. ಆದರೆ ಕಾರ್ಬನ್ ಮೊನಾಕ್ಸೈಡ್ ಇರುವಲ್ಲಿ ದೀಪ ಚೆನ್ನಾಗಿಯೇ ಉರಿಯುತ್ತಿರುತ್ತದೆ, ಮನುಷ್ಯ ಬೀಳುತ್ತಾನೆ. ಗಣಿಗಾರರು ದೀಪವನ್ನು ನಂಬಿ ಸತ್ತದ್ದು ಇದೇ ಕಾರಣಕ್ಕೆ. ಈ ವ್ಯತ್ಯಾಸವನ್ನು ಹಾಲ್ಡೇನ್ ಸ್ಪಷ್ಟಪಡಿಸಿದರು.

ಮಕ್ಕಳಿಗೂ ಅವರು ಪಾಠ ಕಲಿಸಿದ್ದು ಇದೇ ರೀತಿ. ಮಗ ಜೆ. ಬಿ. ಎಸ್. ಹಾಲ್ಡೇನ್ ಇನ್ನೂ ಹುಡುಗನಾಗಿದ್ದಾಗ ಅವನನ್ನು ಒಂದು ಕಲ್ಲಿದ್ದಲು ಗಣಿಯೊಳಗೆ ಕರೆದುಕೊಂಡು ಹೋಗಿ, ಎದ್ದು ನಿಂತು ಶೇಕ್ಸ್‌ಪಿಯರನ ನಾಟಕದ ಒಂದು ಭಾಷಣವನ್ನು ಬಾಯಿಪಾಠ ಒಪ್ಪಿಸಲು ಹೇಳಿದರಂತೆ. ಸ್ವಲ್ಪ ಹೊತ್ತಿನಲ್ಲೇ ಹುಡುಗ ಏದುಸಿರು ಬಿಟ್ಟು, ಕಾಲು ಕುಸಿದು ನೆಲಕ್ಕೆ ಬಿದ್ದ. ನೆಲದಲ್ಲಿ ಗಾಳಿ ಚೆನ್ನಾಗಿಯೇ ಇತ್ತು! ಮಿಥೇನ್ ಅನಿಲ ಗಾಳಿಗಿಂತ ಹಗುರ, ಅದು ಮೇಲ್ಛಾವಣಿಯ ಬಳಿ ನಿಲ್ಲುತ್ತದೆ, ಕೆಳಗೆ ಬಿದ್ದವನಿಗೆ ಅಪಾಯವಿಲ್ಲ ಎಂಬುದನ್ನು ಆ ಹುಡುಗ ಜೀವಮಾನವಿಡೀ ಮರೆಯಲಿಲ್ಲ. ಇಂದಿನ ತಂದೆತಾಯಿಗಳು ಇದನ್ನು ಅನುಕರಿಸುವುದು ಬೇಡ.

ನೌಕಾಪಡೆಯ ಮುಳುಗುಗಾರರು ಆಳದಿಂದ ಮೇಲೆ ಬರುವಾಗ ಕೈಕಾಲು ಸೆಟೆದು ಸಾಯುತ್ತಿದ್ದ ಸಮಸ್ಯೆಯನ್ನೂ ಅವರು ಬಿಡಿಸಿದರು. ಹಂತಹಂತವಾಗಿ ನಿಂತು ನಿಂತು ಮೇಲೆ ಬರಬೇಕೆಂದು 1908ರಲ್ಲಿ ಅವರು ಸಂಗಡಿಗರೊಡನೆ ಪ್ರಕಟಿಸಿದ ಲೆಕ್ಕವೇ ಇಂದಿನ ಡೈವಿಂಗ್ ಕೋಷ್ಟಕಗಳಿಗೆ ಮೂಲ. ಉಸಿರಾಟದ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಎಂದು 1905ರಲ್ಲಿ ಪ್ರೀಸ್ಟ್ಲಿ ಎಂಬ ಸಹೋದ್ಯೋಗಿಯೊಡನೆ ತೋರಿಸಿಕೊಟ್ಟವರೂ ಇವರೇ. ಹೀಗೆ 1915ರ ಹೊತ್ತಿಗೆ, ಕೆಟ್ಟ ಗಾಳಿ ಮನುಷ್ಯನಿಗೆ ಏನು ಮಾಡುತ್ತದೆ ಎಂಬ ವಿಷಯದಲ್ಲಿ ಬ್ರಿಟನ್ನಿನಲ್ಲಿ ಇವರಿಗಿಂತ ಹೆಚ್ಚು ತಿಳಿದವರು ಇರಲಿಲ್ಲ.

ಈಗ ಪುನಃ ಫ್ರಾನ್ಸಿಗೆ ಬರೋಣ. ಗಡಿಯ ಹತ್ತಿರದ ಬೈಯೋಲ್ ಎಂಬ ಊರಿನ ಸೇನಾ ಆಸ್ಪತ್ರೆಯಲ್ಲಿ ಹಾಲ್ಡೇನ್ ಕಂಡದ್ದು ಕೆನಡಾದ ಸೈನಿಕರನ್ನು. ಗಣಿಯಲ್ಲಿ ಸತ್ತವರ ಹಾಗೆ ಇವರ ಮುಖ ಕೆಂಪಾಗಿರಲಿಲ್ಲ, ನೀಲಿಗಟ್ಟಿತ್ತು. ಎದ್ದು ಕುಳಿತು, ಬಾಯಿ ತೆರೆದು, ಒಂದೊಂದು ಉಸಿರಿಗೂ ಹೋರಾಡುತ್ತಿದ್ದರು. ಸತ್ತವನೊಬ್ಬನ ಶವಪರೀಕ್ಷೆ ನಡೆಯಿತು. ಶ್ವಾಸಕೋಶಗಳು ಊದಿ ನೀರು ತುಂಬಿಕೊಂಡಿದ್ದವು. ಕ್ಲೋರಿನ್ ಶ್ವಾಸಕೋಶದ ತೇವದೊಡನೆ ಸೇರಿ ಆಮ್ಲವಾಗುತ್ತದೆ, ಆ ಸುಟ್ಟಗಾಯದಿಂದ ದ್ರವ ಒಸರುತ್ತದೆ. ಒಣನೆಲದ ಮೇಲೆ ನಿಂತ ಮನುಷ್ಯ ತನ್ನದೇ ದೇಹದ ನೀರಿನಲ್ಲಿ ಮುಳುಗಿ ಸಾಯುತ್ತಾನೆ. ಹಾಲ್ಡೇನ್ ಮತ್ತು ಬೇಕರ್ ತಡಮಾಡದೆ ಲಂಡನ್ನಿಗೆ ವರದಿ ಕಳುಹಿಸಿದರು: ಇದು ಕ್ಲೋರಿನ್ ಅಥವಾ ಅದೇ ಜಾತಿಯ ಅನಿಲ.

ಇನ್ನು ತಡೆಯ ವಿಚಾರ. ಹಾಲ್ಡೇನ್ ಫ್ರಾನ್ಸಿನಲ್ಲಿದ್ದಾಗಲೇ ಲಂಡನ್ನಿನಲ್ಲಿ ಬೇರೆಯೇ ಒಂದು ಗದ್ದಲ ನಡೆಯಿತು. ಎಪ್ರಿಲ್ 28ರಂದು ಡೇಲಿ ಮೇಲ್ ಪತ್ರಿಕೆ ದೇಶದ ಹೆಂಗಸರಿಗೆ ಮನವಿ ಮಾಡಿತು. ಹತ್ತಿಯ ಪ್ಯಾಡುಗಳನ್ನು ಹೊಲಿದು ಕಳುಹಿಸಿ, ನಮ್ಮ ಹುಡುಗರ ಪ್ರಾಣ ಉಳಿಸಿ ಎಂಬುದು ಅದರ ಸಾರ. ಒಂದೇ ದಿನದೊಳಗೆ ಸುಮಾರು 30,000 ಪ್ಯಾಡುಗಳು ತಯಾರಾದವು. ಮನೆಮನೆಯಲ್ಲಿ ತಾಯಂದಿರು, ಅಕ್ಕತಂಗಿಯರು ರಾತ್ರಿ ನಿದ್ದೆಗೆಟ್ಟು ಹೊಲಿದದ್ದು. ಅವರ ಪ್ರೀತಿಯನ್ನು ಪ್ರಶ್ನಿಸುವಂತಿಲ್ಲ. ಆದರೆ ಆ ಪ್ಯಾಡು ಒಣಗಿದ್ದರೆ ಅನಿಲವನ್ನು ತಡೆಯುತ್ತಿರಲಿಲ್ಲ, ಒದ್ದೆಯಾದರೆ ಹತ್ತಿ ಮುದ್ದೆಯಾಗಿ ಗಾಳಿಯನ್ನೇ ಬಿಡುತ್ತಿರಲಿಲ್ಲ. ಅದನ್ನು ಕಟ್ಟಿಕೊಂಡವನು ಉಸಿರುಗಟ್ಟಿ ತಾನೇ ಕಿತ್ತೆಸೆಯಬೇಕು. ಕಡೆಗೆ ಆ ಪ್ಯಾಡುಗಳನ್ನು ಕೈಬಿಡಬೇಕಾಯಿತು. ಅವಸರದ ಒಳ್ಳೆಯತನ ಕೆಲವೊಮ್ಮೆ ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಕರುಣಾಜನಕ ಉದಾಹರಣೆ ಸಿಗಲಿಕ್ಕಿಲ್ಲ. ಪ್ರವಾಹ, ಭೂಕುಸಿತಗಳ ಕಾಲದಲ್ಲಿ ಪರಿಹಾರ ಸಾಮಗ್ರಿ ಸಂಗ್ರಹಿಸುವ ನಮ್ಮ ಸಂಘಟನೆಗಳವರೂ ಇದನ್ನು ಓದಿದರೆ ಒಳ್ಳೆಯದು.

ಸಮಯವಂತೂ ಇರಲಿಲ್ಲ. ಮೇ 1ರಂದು ಈಪ್ರ ಸಮೀಪದ 60ನೇ ದಿಬ್ಬದಲ್ಲಿ ಡಾರ್ಸೆಟ್ ರೆಜಿಮೆಂಟಿನ ಮೇಲೆ ಅನಿಲ ಬಿಡಲಾಯಿತು. ಕಂದಕದಲ್ಲೇ 90 ಮಂದಿ ಸತ್ತರು. ಹತ್ತಿರದ ಚಿಕಿತ್ಸಾಕೇಂದ್ರಗಳಿಗೆ ಹೊತ್ತು ತಂದ 207 ಮಂದಿಯಲ್ಲಿ 46 ಮಂದಿ ತಂದ ಕೂಡಲೇ, 12 ಮಂದಿ ಬಹಳ ಹೊತ್ತು ನರಳಿ ಪ್ರಾಣ ಬಿಟ್ಟರು.

ಹಾಲ್ಡೇನರ ಪ್ರಯೋಗಗಳು ಎರಡು ಕಡೆ ನಡೆದವು. ಆಕ್ಸ್‌ಫರ್ಡಿನ ಅವರ ಸ್ವಂತ ಮನೆಯ ಪ್ರಯೋಗಶಾಲೆ ಒಂದು. ಇನ್ನೊಂದು ಫ್ರಾನ್ಸಿನಲ್ಲಿ, ಬ್ರಿಟಿಷ್ ಸೇನೆಯ ಕೇಂದ್ರಕಚೇರಿಯಿದ್ದ ಸಂತ್-ಒಮೆರ್ ಭಾಗದಲ್ಲಿ. ಅಲ್ಲಿ ಗಾಜಿನ ಮುಂಭಾಗವಿದ್ದ ಒಂದು ಪುಟ್ಟ ಕೋಣೆಯೊಳಗೆ ಕ್ಲೋರಿನ್ ಬಿಟ್ಟು, ಹಾಲ್ಡೇನ್, ಅವರ ಸಹೋದ್ಯೋಗಿ ಡಗ್ಲಸ್ ಮತ್ತು ಕೆಲವು ಸ್ವಯಂಸೇವಕರು ಒಬ್ಬೊಬ್ಬರಾಗಿ ಒಳಗೆ ಹೋಗುತ್ತಿದ್ದರು. ಮಾಸ್ಕ್ ಇಲ್ಲದೆ ಎಷ್ಟು ಹೊತ್ತು ತಾಳಬಹುದು, ಮಾಸ್ಕ್ ಇದ್ದರೆ ಎಷ್ಟು ಹೊತ್ತು ಎಂದು ಲೆಕ್ಕ. ಸುಮ್ಮನೆ ಕುಳಿತರೆ ಸಾಲದು; ಕಂದಕದಲ್ಲಿರುವ ಸೈನಿಕ ಓಡುತ್ತಾನೆ, ಭಾರ ಹೊರುತ್ತಾನೆ. ಆದ್ದರಿಂದ ಒಳಗೆ ಒಂದು ಚಕ್ರವನ್ನು ಕೈಯಿಂದ ತಿರುಗಿಸುತ್ತ ದುಡಿದು ಪರೀಕ್ಷಿಸಬೇಕಿತ್ತು. ಕಣ್ಣು ಉರಿದು, ಕೆಮ್ಮು ಬಂದು, ಇನ್ನು ಆಗದು ಎಂದಾಗ ಹೊರಬರುವುದು, ಮತ್ತೊಬ್ಬ ಒಳಹೋಗುವುದು. ಕೆಲವರು ಆಮೇಲೆ ಹಾಸಿಗೆ ಹಿಡಿದರು.

ಆ ಸ್ವಯಂಸೇವಕರಲ್ಲಿ ಒಬ್ಬ ಅವರ ಮಗನೇ ಆಗಿದ್ದ. 22 ವರ್ಷದ ಜೆ. ಬಿ. ಎಸ್. ಆಗ ಬ್ಲ್ಯಾಕ್ ವಾಚ್ ರೆಜಿಮೆಂಟಿನ ಅಧಿಕಾರಿಯಾಗಿ ಅದೇ ರಣರಂಗದಲ್ಲಿದ್ದ. ತಂದೆಯ ಕೆಲಸಕ್ಕಾಗಿ ಅವನನ್ನು ಕಂದಕದಿಂದ ಕರೆಸಿಕೊಂಡಿದ್ದರು. ಮಗನನ್ನು ಗುಂಡಿನ ಬಾಯಿಯಿಂದ ಹೊರಗೆ ಕರೆದು ವಿಷದ ಕೋಣೆಯೊಳಗೆ ಕಳುಹಿಸಿದ ತಂದೆ! ಆದರೆ ಹಾಲ್ಡೇನ್ ತಾವು ಮೊದಲು ಹೋಗದ ಕಡೆಗೆ ಯಾರನ್ನೂ ಕಳುಹಿಸುತ್ತಿರಲಿಲ್ಲ. ಪ್ರಯೋಗ ಮುಗಿದ ಮೇಲೆ ಮಗ ತನ್ನ ತುಕಡಿಗೆ ಮರಳಿದ. ಕ್ಲೋರಿನ್ ಸೇವಿಸಿದ್ದರಿಂದ ಓಡಲು ಉಸಿರು ಸಾಲುತ್ತಿರಲಿಲ್ಲ. ಅದೇ ಮೇ ತಿಂಗಳಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದ.

ಇದೇ ದಿನಗಳಲ್ಲಿ ಕುಟುಂಬಕ್ಕೆ ಮತ್ತೊಂದು ಹೊಡೆತ ಬಿತ್ತು. ಅಣ್ಣ ಲಾರ್ಡ್ ಹಾಲ್ಡೇನ್ ಜರ್ಮನ್ ತತ್ವಶಾಸ್ತ್ರವನ್ನು ಮೆಚ್ಚಿದವರು, ಯುದ್ಧಕ್ಕೆ ಮೊದಲು ಜರ್ಮನಿಯೊಡನೆ ಸಂಧಾನಕ್ಕೆ ಹೋಗಿದ್ದವರು. ಇಷ್ಟೇ ಸಾಕಾಯಿತು. ಅವರು ಶತ್ರುವಿನ ಕಡೆಯವರೆಂದು ಪತ್ರಿಕೆಗಳು ಅಪಪ್ರಚಾರ ನಡೆಸಿದವು, ಖಂಡನೆಯ ಪತ್ರಗಳು ಸಾವಿರಗಟ್ಟಲೆ ಬಂದವು. ಬ್ರಿಟಿಷ್ ಸೈನ್ಯವನ್ನು ಯುದ್ಧಕ್ಕೆ ಸಜ್ಜುಗೊಳಿಸಿದ ಮಂತ್ರಿಯೇ ಇವರು ಎಂಬುದು ಯಾರಿಗೂ ನೆನಪಾಗಲಿಲ್ಲ. ಮೇ ತಿಂಗಳಲ್ಲಿ ಹೊಸ ಮಂತ್ರಿಮಂಡಲ ರಚನೆಯಾದಾಗ ಅವರನ್ನು ಹೊರಗಿಟ್ಟರು. ತಮ್ಮ ಅದೇ ಸೈನ್ಯಕ್ಕಾಗಿ ವಿಷ ಕುಡಿಯುತ್ತಿದ್ದ ತಿಂಗಳು ಅದು.

ಪ್ರಯೋಗಗಳ ಫಲವಾಗಿ ಬಂದ ಮಾಸ್ಕ್ ಬಹಳ ಸರಳ. ನೂಲಿನ ಚಿಂದಿಯ ಒಂದು ಗಟ್ಟಿ ಮುದ್ದೆ, ಅದನ್ನು ಸುತ್ತಿದ ಕಪ್ಪು ಬಲೆಬಟ್ಟೆ, ತಲೆಯ ಹಿಂದೆ ಕಟ್ಟಲು ಅದರದ್ದೇ ಉದ್ದನೆಯ ತುದಿಗಳು. ಮುದ್ದೆಯನ್ನು ಮೂರು ವಸ್ತುಗಳ ದ್ರಾವಣದಲ್ಲಿ ಅದ್ದುತ್ತಿದ್ದರು. ಒಂದು ಹೈಪೋ. ಹಳೆಯ ಫೋಟೋ ಸ್ಟುಡಿಯೋಗಳ ಕತ್ತಲಕೋಣೆಯಲ್ಲಿ ಕೆಲಸ ಮಾಡಿದವರಿಗೆ ಈ ಹೆಸರು ಪರಿಚಿತ. ಅದು ಕ್ಲೋರಿನ್ ಅನ್ನು ನಿಷ್ಕ್ರಿಯಗೊಳಿಸುತ್ತದೆ. ಎರಡನೆಯದು ಆಮ್ಲವನ್ನು ಕೊಲ್ಲುವ ಬಟ್ಟೆಸೋಡಾ. ಮೂರನೆಯದು ಗ್ಲಿಸರಿನ್, ಬಟ್ಟೆ ಒಣಗದಿರಲಿಕ್ಕೆ. ಮೇ ತಿಂಗಳಲ್ಲೇ ಇದು ಸೈನಿಕರ ಕೈಗೆ ತಲುಪಿತು. ಅನಿಲಕ್ಕೆ ಎದುರಾಗಿ ನಿಲ್ಲಬಲ್ಲ ಮೊದಲ ಕೆಲಸದ ಮಾಸ್ಕ್ ಎಂದು ಇದನ್ನು ಹೇಳಬಹುದು. ಬಹಳ ಹೊತ್ತು ತಾಳುತ್ತಿರಲಿಲ್ಲ, ಕಣ್ಣಿಗೆ ಸರಿಯಾದ ರಕ್ಷಣೆ ಇರಲಿಲ್ಲ. ಆದರೂ ಏನೂ ಇಲ್ಲದ ಜಾಗದಲ್ಲಿ ಏನೋ ಒಂದು ಬಂತು.

ಸೈನಿಕರಿಗೆ ಕೊಟ್ಟ ಸೂಚನೆಗಳೂ ಅಷ್ಟೇ ಮುಖ್ಯ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಅದು ತಗ್ಗಿನಲ್ಲಿ ನಿಲ್ಲುತ್ತದೆ. ಕಂದಕದ ತಳದಲ್ಲಿ ಮಲಗಿದವರು, ಗಾಯಗೊಂಡು ಬಿದ್ದವರು ಹೆಚ್ಚು ಸತ್ತರು. ಅನಿಲದೊಡನೆ ಹಿಂದಕ್ಕೆ ಓಡಿದವರು ಮೋಡದೊಳಗೇ ಓಡುತ್ತಿದ್ದರು, ಏದುಸಿರಿನಲ್ಲಿ ಇನ್ನಷ್ಟು ವಿಷ ಎಳೆದುಕೊಳ್ಳುತ್ತಿದ್ದರು. ಎದ್ದು ನಿಂತು ಇದ್ದಲ್ಲೇ ಉಳಿದವರಿಗೆ ಕಡಿಮೆ ಹಾನಿಯಾಯಿತು.

ಈ ಮೊದಲ ವಾರದ ಬಲಿಗಳಲ್ಲಿ ಭಾರತೀಯರೂ ಇದ್ದರು ಎಂಬುದು ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿದಿಲ್ಲ. ಭಾರತದಿಂದ ಹೋದ ಲಾಹೋರ್ ಡಿವಿಜನ್ನನ್ನು ಎಪ್ರಿಲ್ 26ರಂದು ಈಪ್ರ ಬಳಿ ದಾಳಿಗೆ ಇಳಿಸಿದರು. ಅವರ ಮೇಲೂ ಅನಿಲ ಬಂತು. ಹಾಲ್ಡೇನ್ ಫ್ರಾನ್ಸ್ ತಲುಪುವ ಹಿಂದಿನ ದಿನ ಅದು; ಮಾಸ್ಕ್ ಇನ್ನೂ ಯಾರ ಕಲ್ಪನೆಯಲ್ಲೂ ಇರಲಿಲ್ಲ. ವೈಲ್ಡ್ಸ್ ರೈಫಲ್ಸ್ ತುಕಡಿಯ ಜಮಾದಾರ್ ಮೀರ್ ದಸ್ತ್ ಆ ದಿನ ತಮ್ಮ ಬ್ರಿಟಿಷ್ ಅಧಿಕಾರಿಗಳೆಲ್ಲ ಬಿದ್ದ ಮೇಲೂ ಉಳಿದವರನ್ನು ಒಟ್ಟುಗೂಡಿಸಿದರು, ಗುಂಡಿನ ಮಳೆಯಲ್ಲಿ ಎಂಟು ಮಂದಿ ಅಧಿಕಾರಿಗಳನ್ನು ಹೊತ್ತು ತರಲು ನೆರವಾದರು. ಅವರಿಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಅನಿಲದ ಪರಿಣಾಮ ಮಾತ್ರ ಅವರ ದೇಹವನ್ನು ಬಿಟ್ಟು ಹೋಗಲಿಲ್ಲ.

ಮಾಸ್ಕ್‌ನ ಮುಂದಿನ ಬೆಳವಣಿಗೆ ಒಂದು ಓಟದ ಪಂದ್ಯದಂತೆ ನಡೆಯಿತು. ನ್ಯೂಫೌಂಡ್‌ಲ್ಯಾಂಡಿನ ವೈದ್ಯ ಕ್ಲೂನಿ ಮ್ಯಾಕ್‌ಫರ್ಸನ್ ತಲೆಯಿಡೀ ಮುಚ್ಚುವ ಫ್ಲ್ಯಾನೆಲ್ ಚೀಲದ ಮಾಸ್ಕ್ ತಯಾರಿಸಿದರು. ಅದಕ್ಕೆ ಹೊಂದಿಕೊಳ್ಳುವಷ್ಟರಲ್ಲಿ, 1915ರ ಡಿಸೆಂಬರ್ 19ರಂದು, ಜರ್ಮನರು ಕ್ಲೋರಿನ್ ಜೊತೆ ಫಾಸ್ಜಿನ್ ಎಂಬ ಇನ್ನೂ ಘೋರ ವಿಷವನ್ನು ಬ್ರಿಟಿಷರ ಮೇಲೆ ಬಿಟ್ಟರು. ಬಟ್ಟೆಗೆ ಬೇರೆ ರಾಸಾಯನಿಕ ಸೇರಿಸಬೇಕಾಯಿತು. 1916ರಲ್ಲಿ ಎಡ್ವರ್ಡ್ ಹ್ಯಾರಿಸನ್ ಎಂಬ ಔಷಧತಜ್ಞರ ತಂಡ ತಗಡಿನ ಡಬ್ಬಿಯಲ್ಲಿ ಇದ್ದಿಲು ಮತ್ತು ಕ್ಷಾರದ ಹರಳುಗಳನ್ನು ತುಂಬಿ, ರಬ್ಬರ್ ಕೊಳವೆಯ ಮೂಲಕ ಉಸಿರಾಡುವ ಮಾಸ್ಕ್ ಸಿದ್ಧಪಡಿಸಿತು. ಅದೇ ಇಂದಿನ ಗ್ಯಾಸ್ ಮಾಸ್ಕ್‌ಗಳ ಪೂರ್ವಜ. ಅನಿಲವನ್ನು ಹೀರಲು ಅತ್ಯುತ್ತಮ ಇದ್ದಿಲು ಯಾವುದು ಎಂದು ಹುಡುಕಿದಾಗ ಸಿಕ್ಕಿದ್ದು ತೆಂಗಿನ ಗೆರಟೆಯ ಇದ್ದಿಲು! ನಮ್ಮ ಕರಾವಳಿಯ ಹಿತ್ತಿಲಲ್ಲಿ ಬಿದ್ದಿರುವ ವಸ್ತು. ಹ್ಯಾರಿಸನ್ ಅವರು ಕೆಲಸದ ಭಾರಕ್ಕೆ ಬಳಲಿ, ಕದನವಿರಾಮಕ್ಕೆ ಒಂದು ವಾರವಿರುವಾಗ, 1918ರ ನವೆಂಬರ್ ಆರಂಭದಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು.

ಇಷ್ಟಾಗಿಯೂ ಯಾವ ಸರಕಾರವೂ ತಡೆಯುವ ಕೆಲಸಕ್ಕೆ ಮಾತ್ರ ಸೀಮಿತವಾಗಿ ಉಳಿಯಲಿಲ್ಲ. ಈಪ್ರದ ದಾಳಿಯನ್ನು ಅನಾಗರಿಕತೆ ಎಂದು ಖಂಡಿಸಿದ ಬ್ರಿಟನ್, ಐದೇ ತಿಂಗಳಲ್ಲಿ, 1915ರ ಸೆಪ್ಟೆಂಬರ್ 25ರಂದು ಲೂಸ್ ಎಂಬಲ್ಲಿ ತಾನೂ ಕ್ಲೋರಿನ್ ಬಿಟ್ಟಿತು. ಕೆಲವೆಡೆ ಗಾಳಿ ತಿರುಗಿ ಅದು ಅವರ ಕಂದಕಗಳಿಗೇ ಮರಳಿತು. 1917ರ ಜುಲೈಯಲ್ಲಿ ಚರ್ಮವನ್ನೇ ಸುಡುವ ಮಸ್ಟರ್ಡ್ ಅನಿಲ ಬಂತು. ಅದಕ್ಕೆ ಮಾಸ್ಕ್ ಕೂಡ ಸಾಲದು. ಯುದ್ಧ ಮುಗಿಯುವಾಗ ರಾಸಾಯನಿಕ ಅಸ್ತ್ರಗಳಿಂದ ಸುಮಾರು 90,000 ಮಂದಿ ಸತ್ತಿದ್ದರು, ಗಾಯಗೊಂಡವರು ಹತ್ತು ಲಕ್ಷಕ್ಕೂ ಹೆಚ್ಚು.

ಹಾಲ್ಡೇನ್ ಆ ಹೊತ್ತಿಗೆ ಗಾಯಗೊಂಡವರ ಕಡೆ ತಿರುಗಿದ್ದರು. ಅನಿಲ ಸೇವಿಸಿ ನೀಲಿಗಟ್ಟಿದವನಿಗೆ ಬೇಕಾದದ್ದು ಆಮ್ಲಜನಕ. ಆಗಿನ ಆಸ್ಪತ್ರೆಗಳಲ್ಲಿ ಅದನ್ನು ಕೊಡುವ ವಿಧಾನ ಒಂದು ಕೊಳವೆಯನ್ನು ರೋಗಿಯ ಮುಖದ ಹತ್ತಿರ ಹಿಡಿಯುವುದು, ಅಷ್ಟೇ. ಹೆಚ್ಚಿನ ಆಮ್ಲಜನಕ ಗಾಳಿಗೇ ಹೋಗುತ್ತಿತ್ತು. ಹಾಲ್ಡೇನ್ ಅಳತೆ ಮಾಡಿ ಬಿಡುವ ಕವಾಟ, ಚೀಲ ಮತ್ತು ಮುಖಕ್ಕೆ ಹೊಂದುವ ಮಾಸ್ಕ್ ಇರುವ ಉಪಕರಣವನ್ನು ರೂಪಿಸಿ, 1917ರಲ್ಲಿ ಅದರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಗಂಟೆಗಟ್ಟಲೆ, ದಿನಗಟ್ಟಲೆ ನಿರಂತರವಾಗಿ ಕೊಟ್ಟರೆ ಶ್ವಾಸಕೋಶ ಚೇತರಿಸಿಕೊಳ್ಳುವವರೆಗೆ ರೋಗಿಯನ್ನು ಉಳಿಸಿಕೊಳ್ಳಬಹುದು ಎಂಬುದು ಅವರ ವಾದ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತು ಆಕ್ಸಿಜನ್ ಸಿಲಿಂಡರ್‌ಗಾಗಿ ಅಲೆದಾಡಿದ ಕುಟುಂಬಗಳಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಹಾಲ್ಡೇನರನ್ನು ಸಂತನಂತೆ ಚಿತ್ರಿಸುವುದು ನನ್ನ ಉದ್ದೇಶವಲ್ಲ. ಅವರಿಂದಲೂ ದೊಡ್ಡ ತಪ್ಪು ನಡೆದಿದೆ. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಮಾರಕ, ಆದರೆ ಕಲ್ಲಿದ್ದಲಿನ ಧೂಳಿನಿಂದ ಅಂಥ ಹಾನಿಯಿಲ್ಲ ಎಂದು ಅವರು ಕೊನೆಯವರೆಗೂ ನಂಬಿದ್ದರು. ಅವರ ಹೆಸರಿಗಿದ್ದ ತೂಕದಿಂದಾಗಿ ಆ ಮಾತು ಬಹುಕಾಲ ನಡೆಯಿತು. ಕಲ್ಲಿದ್ದಲು ಧೂಳಿನಿಂದ ಬರುವ ಶ್ವಾಸಕೋಶದ ರೋಗಕ್ಕೆ ಬ್ರಿಟನ್ನಿನ ಗಣಿಕಾರ್ಮಿಕರು ಪರಿಹಾರ ಪಡೆಯಲು 1943ರವರೆಗೆ ಕಾಯಬೇಕಾಯಿತು. ಗಣಿಮಾಲೀಕರ ಹಣದಿಂದ ನಡೆಯುತ್ತಿದ್ದ ಸಂಶೋಧನಾಲಯದ ನಿರ್ದೇಶಕರಾಗಿದ್ದರು ಎಂಬುದನ್ನು ಟೀಕಾಕಾರರು ನೆನಪಿಸುತ್ತಾರೆ. ಕಾರ್ಮಿಕರಿಗಾಗಿ ಅಷ್ಟೊಂದು ಬಾರಿ ಜೀವ ಪಣಕ್ಕಿಟ್ಟ ಮನುಷ್ಯ ಬೇಕೆಂದೇ ಹಾಗೆ ಹೇಳಿರಲಾರರು ಎಂದು ನನಗನಿಸುತ್ತದೆ. ಆದರೆ ಅದರಿಂದ ನರಳಿದವರಿಗೆ ಈ ಸಮಾಧಾನ ಸಾಲದು.

1925ರ ಜೂನ್ 17ರಂದು ಜಿನೀವಾದಲ್ಲಿ ವಿಷಾನಿಲ ಮತ್ತು ರೋಗಾಣುಗಳನ್ನು ಯುದ್ಧದಲ್ಲಿ ಬಳಸುವುದನ್ನು ನಿಷೇಧಿಸುವ ಒಪ್ಪಂದವಾಯಿತು. ಸೋಜಿಗವೆಂದರೆ ಅದೇ ವರ್ಷ ಮಗ ಜೆ. ಬಿ. ಎಸ್. ಹಾಲ್ಡೇನ್ ಒಂದು ಪುಸ್ತಕ ಬರೆದು, ಸಿಡಿಗುಂಡಿಗಿಂತ ಅನಿಲ ಕ್ರೂರವೇನಲ್ಲ ಎಂದು ವಾದಿಸಿದ! ಎರಡನ್ನೂ ಮೈಮೇಲೆ ಅನುಭವಿಸಿದವನ ವಾದ ಅದು. ತಂದೆ ಉಸಿರಾಟದ ಶಾಸ್ತ್ರ, ತತ್ವಶಾಸ್ತ್ರಗಳಲ್ಲಿ ಮುಳುಗಿದ್ದರು. ಜೀವವನ್ನು ಬರೀ ಯಂತ್ರವೆಂದು ಕಾಣುವುದನ್ನು ಅವರು ಒಪ್ಪುತ್ತಿರಲಿಲ್ಲ. 1927-28ರಲ್ಲಿ ಗ್ಲಾಸ್ಗೋದಲ್ಲಿ ಕೊಟ್ಟ ಗಿಫರ್ಡ್ ಉಪನ್ಯಾಸಗಳ ವಿಷಯ ಇದೇ.

ಒಪ್ಪಂದ ಮಾತ್ರ ಬಳಕೆಯನ್ನು ನಿಷೇಧಿಸಿತೇ ಹೊರತು ತಯಾರಿಸುವುದನ್ನು, ದಾಸ್ತಾನು ಇಡುವುದನ್ನು ನಿಷೇಧಿಸಲಿಲ್ಲ. ಅದಕ್ಕೆ ಸಹಿ ಮಾಡಿದ್ದ ಇಟಲಿಯೇ 1935ರ ಕೊನೆಯಿಂದ ಇಥಿಯೋಪಿಯಾದ ಮೇಲೆ ವಿಮಾನಗಳಿಂದ ಮಸ್ಟರ್ಡ್ ಅನಿಲ ಸುರಿಯಿತು. ಅಲ್ಲಿನ ಬಡ ಸೈನಿಕರ ಬಳಿ ಮಾಸ್ಕ್‌ಗಳಿರಲಿಲ್ಲ. ಆ ಯುದ್ಧ ನಡೆಯುತ್ತಿದ್ದಾಗಲೇ, 75 ವರ್ಷದ ಹಾಲ್ಡೇನ್ ಪರ್ಷಿಯಾ ಮತ್ತು ಇರಾಕಿನ ಎಣ್ಣೆಕ್ಷೇತ್ರಗಳಲ್ಲಿ ಕಾರ್ಮಿಕರಿಗೆ ತಗಲುವ ಬಿಸಿಲಾಘಾತವನ್ನು ಅಧ್ಯಯನ ಮಾಡಿ ಮರಳಿದರು, ನ್ಯುಮೋನಿಯಾಕ್ಕೆ ತುತ್ತಾದರು. 1936ರ ಮಾರ್ಚ್ 14ರ ನಡುರಾತ್ರಿ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. ಎರಡು ವರ್ಷಗಳ ನಂತರ, 1938ರ ಸೆಪ್ಟೆಂಬರಿನೊಳಗೆ, ಬ್ರಿಟಿಷ್ ಸರಕಾರ ತನ್ನ ಸಾಮಾನ್ಯ ಪ್ರಜೆಗಳಿಗೆ ಸುಮಾರು 3 ಕೋಟಿ 80 ಲಕ್ಷ ಗ್ಯಾಸ್ ಮಾಸ್ಕ್‌ಗಳನ್ನು ಹಂಚಿತ್ತು.

ತಯಾರಿಯನ್ನೂ ದಾಸ್ತಾನನ್ನೂ ನಿಷೇಧಿಸುವ ಒಪ್ಪಂದಕ್ಕೆ ಲೋಕ ಇನ್ನೂ ಅರ್ಧಶತಮಾನ ಕಾಯಬೇಕಾಯಿತು. ರಾಸಾಯನಿಕ ಅಸ್ತ್ರಗಳ ಒಡಂಬಡಿಕೆಗೆ ಭಾರತ 1993ರ ಜನವರಿಯಲ್ಲಿ ಸಹಿ ಹಾಕಿತು, 1996ರಲ್ಲಿ ದೃಢೀಕರಿಸಿತು. 1997ರ ಎಪ್ರಿಲ್ 29ರಂದು ಅದು ಜಾರಿಗೆ ಬಂತು. ಅದೇ ವರ್ಷ ಭಾರತ ತನ್ನ ಬಳಿಯೂ ಮಸ್ಟರ್ಡ್ ಅನಿಲದ ದಾಸ್ತಾನಿದೆ ಎಂದು ಘೋಷಿಸಿದಾಗ ಹಲವರಿಗೆ ಆಶ್ಚರ್ಯವಾಗಿತ್ತು. 2009ರೊಳಗೆ ಅದನ್ನು ಪೂರ್ಣವಾಗಿ ನಾಶಪಡಿಸಲಾಯಿತು. ಹೇಗ್ ನಗರದಲ್ಲಿರುವ ಮೇಲ್ವಿಚಾರಣಾ ಸಂಸ್ಥೆಗೆ ಈಗ 193 ಸದಸ್ಯ ದೇಶಗಳಿವೆ, 2013ರಲ್ಲಿ ಅದಕ್ಕೆ ನೊಬೆಲ್ ಶಾಂತಿ ಪಾರಿತೋಷಕ ಸಿಕ್ಕಿತು. ಘೋಷಿತ ದಾಸ್ತಾನುಗಳಲ್ಲಿ ಕೊನೆಯದನ್ನು ಅಮೆರಿಕ 2023ರ ಜುಲೈಯಲ್ಲಿ ನಾಶಮಾಡಿತು.

ಕ್ಲೋರಿನ್ ಅನ್ನು ಮಾತ್ರ ಯಾರೂ ನಾಶಮಾಡುವಂತಿಲ್ಲ. ಕುಡಿಯುವ ನೀರನ್ನು ಶುದ್ಧಗೊಳಿಸಲು ಅದು ಬೇಕು. ನಗರಗಳ ನೀರು ಶುದ್ಧೀಕರಣ ಘಟಕಗಳಲ್ಲಿ ಅದರ ಸಿಲಿಂಡರುಗಳಿರುತ್ತವೆ. ಆಯುಧವಾಗಿ ಬಳಸುವುದಷ್ಟೇ ನಿಷಿದ್ಧ. ಸಿರಿಯಾದ ಅಂತರ್ಯುದ್ಧದಲ್ಲಿ ಅದನ್ನೂ ಬಳಸಿದ್ದು ತನಿಖೆಗಳಲ್ಲಿ ದೃಢಪಟ್ಟಿದೆ. ಸಿಲಿಂಡರ್ ಸೋರಿದರೆ ತಗ್ಗಿಗೆ ಇಳಿಯಬೇಡಿ, ಗಾಳಿ ಬೀಸುವ ದಿಕ್ಕಿಗೆ ಓಡಬೇಡಿ, ಅಡ್ಡಕ್ಕೆ ಸರಿದು ಎತ್ತರದ ಜಾಗಕ್ಕೆ ಹೋಗಿ ಎಂದು ಇಂದಿಗೂ ಕಲಿಸುತ್ತಾರೆ.

ಮಗ ಜೆ. ಬಿ. ಎಸ್. ಹಾಲ್ಡೇನ್ 1957ರಲ್ಲಿ ಇಂಗ್ಲೆಂಡನ್ನು ಬಿಟ್ಟು ಭಾರತಕ್ಕೆ ಬಂದರು. ಮೊದಲು ಕಲ್ಕತ್ತಾದಲ್ಲಿ, ಆಮೇಲೆ ಭುವನೇಶ್ವರದಲ್ಲಿ ಸಂಶೋಧನೆ ನಡೆಸಿ ಇಲ್ಲಿನ ಪ್ರಜೆಯೇ ಆದರು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ನಿಧನರಾದರು. ಅವರ ಇಚ್ಛೆಯಂತೆ ದೇಹವನ್ನು ಆಂಧ್ರದ ಕಾಕಿನಾಡದ ರಂಗರಾಯ ಮೆಡಿಕಲ್ ಕಾಲೇಜಿಗೆ, ವಿದ್ಯಾರ್ಥಿಗಳ ಕಲಿಕೆಗಾಗಿ ಒಪ್ಪಿಸಲಾಯಿತು.